ರಾಷ್ಟ್ರೀಯ ಉದ್ಯಾನಗಳ ಕಲ್ಲು ಅರ್ಥ ಮಾಡಿಕೊಳ್ಳೋದು ಹೇಗೆ? ಎಲ್ಲಿಂದ ಶುರು ಮಾಡಲಿ?

ಹಾದಿಹೋಕ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೊರೆಯುತ್ತಿರುವ ವಿಷಯ, ಕೇಳಿಯೇ ಬಿಡುತ್ತೇನೆ.

ಎರಡು ವರ್ಷದ ಹಿಂದೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿದ್ದೆವು. ದಕ್ಷಿಣ ಅಂಚಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಮಗಳು ಕೇಳಿದಳು, "ಅಪ್ಪಾ, ಇಲ್ಲಿ ಪಟ್ಟೆ ಪಟ್ಟೆ ಯಾಕಿದೆ? ಒಂದು ಕಡೆ ಗೋಡೆ ಥರ ನೆಟ್ಟಗೆ, ಇನ್ನೊಂದು ಕಡೆ ಇಳಿಜಾರು?" ನದಿ ಕೊರೆದಿದ್ದು ಅಂದೆ. "ನದಿ ಕೊರೆದರೆ ಮೆಟ್ಟಿಲು ಯಾಕೆ ಬರಬೇಕು?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟು ದೂರ ಹೋಗಿ ಬರೀ ಫೋಟೋ ತೆಗೆದುಕೊಂಡು ಬಂದೆವಲ್ಲ ಅನ್ನಿಸಿತು.

ಬಂದ ಮೇಲೆ ಒಂದು ಭೂವಿಜ್ಞಾನದ ಪಠ್ಯಪುಸ್ತಕ ತಂದೆ. ಮೊದಲ ಅರವತ್ತು ಪುಟ ಬರೀ ಖನಿಜಗಳ ಹೆಸರು, ಗಡಸುತನದ ಪಟ್ಟಿ, ಹರಳುಗಳ ಆಕಾರ. ಮೂರನೇ ವಾರಕ್ಕೆ ಮುಚ್ಚಿಟ್ಟೆ. ಈಗ ಮತ್ತೆ ಹೊರಟಿದ್ದೇವೆ. ಈ ಸಲ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಕ್ಯಾನ್ಯನ್ ಮೂರೂ. ನಾಲ್ಕು ತಿಂಗಳು ಟೈಮ್ ಇದೆ. ನೀವೆಲ್ಲ ಹೇಗೆ ಕಲಿತಿರಿ? ಮೊದಲು ಹೆಸರುಗಳನ್ನೇ ಕಲಿಯಬೇಕಾ, ಬೇರೆ ದಾರಿ ಇದೆಯಾ?

ಬೆಣಚುಕಲ್ಲು
ನಿಮ್ಮ ಮಗಳು ಸರಿಯಾದ ಪ್ರಶ್ನೆ ಕೇಳಿದ್ದಾಳೆ. ಪುಸ್ತಕ ಪಕ್ಕಕ್ಕಿಡಿ, ಅವಳ ಪ್ರಶ್ನೆಯಿಂದಲೇ ಶುರು ಮಾಡಿ.

ನೆಟ್ಟಗೆ ನಿಂತಿರುವುದು ಸುಣ್ಣಕಲ್ಲು ಮತ್ತು ಮರಳುಗಲ್ಲು. ಗಟ್ಟಿ ಕಲ್ಲು. ಇಳಿಜಾರಾಗಿರುವುದು ಹೆಚ್ಚಾಗಿ ಶೇಲ್, ಅಂದರೆ ಕೆಸರೇ ಕಲ್ಲಾಗಿದ್ದು. ಅದು ಮೆತ್ತಗೆ, ಪುಡಿಪುಡಿಯಾಗಿ ಜಾರುತ್ತದೆ. ಕೆಳಗಿನ ಮೆತ್ತನೆ ಪದರ ಸವೆದ ಹಾಗೆ ಮೇಲಿನ ಗಟ್ಟಿ ಪದರಕ್ಕೆ ಆಸರೆ ತಪ್ಪುತ್ತದೆ. ಆಗ ಅದು ದೊಡ್ಡ ಹೋಳಾಗಿ ಕಳಚಿ ಬೀಳುತ್ತದೆ, ಗೋಡೆ ನೆಟ್ಟಗೇ ಉಳಿಯುತ್ತದೆ. ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ ಅಂತ ಒಂದರ ಮೇಲೊಂದು ಇರುವುದರಿಂದ ಮೆಟ್ಟಿಲು. ಕೊಲೊರಾಡೊ ನದಿ ಮಾಡಿದ್ದು ಆಳ ಮಾತ್ರ. ಅಗಲ ಮಾಡಿದ್ದು ಮಳೆ, ಹಿಮ, ತೊರೆಗಳು, ಕುಸಿಯುವ ಬಂಡೆಗಳು.

ಇಷ್ಟು ಗೊತ್ತಿದ್ದರೆ ಅರ್ಧ ಕಣಿವೆ ಅರ್ಥವಾದ ಹಾಗೆ. ಒಂದು ಖನಿಜದ ಹೆಸರೂ ಬೇಕಾಗಲಿಲ್ಲ, ಅಲ್ವಾ?

ಗುಹೆವಾಸಿ
ಒಂದು ತಿದ್ದುಪಡಿ. ಸುಣ್ಣಕಲ್ಲು ಗಟ್ಟಿ ಅನ್ನುವುದು ಒಣ ಹವೆಯಲ್ಲಿ ಮಾತ್ರ ಸರಿ. ಮಳೆ ಜಾಸ್ತಿ ಇರುವ ಕಡೆ ಅದೇ ಕಲ್ಲು ಕರಗಿ ಹೋಗುತ್ತದೆ. ಕೆಂಟಕಿಯ ಮ್ಯಾಮತ್ ಕೇವ್ ಉದ್ಯಾನದಲ್ಲಿ ಹಾಗೆ ಕರಗಿ ಆದ ಗುಹೆ ಈವರೆಗೆ ಅಳೆದಿರುವುದೇ 680 ಕಿಲೋಮೀಟರ್‌ಗೂ ಜಾಸ್ತಿ. ಜಗತ್ತಿನಲ್ಲೇ ಅತಿ ಉದ್ದದ್ದು. ಅದರ ಮೇಲೆ ಮರಳುಗಲ್ಲಿನ ಚಾವಣಿ ಇರುವುದರಿಂದ ಗುಹೆ ಕುಸಿಯದೆ ಉಳಿದಿದೆ.

ಬೆಣಚುಕಲ್ಲು
ಸರಿಯಾಗಿ ಹೇಳಿದಿರಿ. ನಾನು ಹವೆಯ ಮಾತು ಸೇರಿಸಬೇಕಿತ್ತು.

ಶಬ್ದಸಂಚಿ
ನಾನು ಒಪ್ಪುವುದಿಲ್ಲ. ಹೆಸರು ಬೇಡ ಅಂತ ಹೇಳುವುದು ಸುಲಭ. ಆದರೆ ಉದ್ಯಾನದ ಫಲಕದಲ್ಲಿ ಬರೆದಿರುವುದು ಅದೇ ಹೆಸರು. ರೇಂಜರ್ ಮಾತಾಡುವುದೂ ಅದೇ ಹೆಸರಿನಲ್ಲಿ. "ಟೆಪೀಟ್ಸ್", "ಕೈಬಾಬ್" ಅಂತ ಪದರಗಳ ಹೆಸರು ಹೇಳಿದಾಗ ಕಣ್ಣು ಕಣ್ಣು ಬಿಡುವ ಹಾಗಾದರೆ ಏನು ಉಪಯೋಗ? ಎಲ್ಲ ಬೇಡ. ಗ್ರಾನೈಟ್, ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು), ಮರಳುಗಲ್ಲು, ಶೇಲ್, ಸುಣ್ಣಕಲ್ಲು, ಶಿಸ್ಟ್ (ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ, ಹಾಳೆ ಹಾಳೆಯಾಗಿರುವ ಕಲ್ಲು). ಈ ಆರು ಕಲ್ಲನ್ನು ಕೈಯಲ್ಲಿ ಹಿಡಿದು ಗುರುತಿಸಲು ಕಲಿಯಿರಿ. ಎರಡು ವಾರ ಸಾಕು.

ಚಾರಣಿಗ 21
ಹೋಗಿ, ನೋಡಿ, ಖುಷಿ ಪಡಿ. ಸೂರ್ಯಾಸ್ತ ನೋಡುವಾಗ ಸುಣ್ಣಕಲ್ಲೋ ಮರಳುಗಲ್ಲೋ ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಹಿಮಗೆರೆ
ಚಾರಣಿಗ ಅವರೇ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದ ಟುವಾಲಮಿ ಹುಲ್ಲುಗಾವಲಿನ ಹತ್ತಿರ ಒಂದು ಬೋಳು ಗ್ರಾನೈಟ್ ಗುಡ್ಡ ಹತ್ತುತ್ತಿದ್ದೆ. ಒಂದು ಕಡೆ ಬಂಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೀರು ಹರಿದಿರಬೇಕು ಅಂತ ಅಂಗೈ ಇಟ್ಟೆ. ಒಣಗಿತ್ತು, ಗಾಜಿನ ಹಾಗೆ ನುಣುಪು. ಒಂದು ಮಾರು ಆಚೆ ಅದೇ ಬಂಡೆ ಉಪ್ಪಿನ ಕಾಗದದ ಹಾಗೆ ತರಿತರಿ. ನುಣುಪು ಜಾಗದಲ್ಲಿ ಸಣ್ಣ ಗೀರುಗಳಿದ್ದವು, ಎಲ್ಲವೂ ಒಂದೇ ದಿಕ್ಕಿಗೆ.

ಅಲ್ಲಿದ್ದ ರೇಂಜರ್ ಹೇಳಿದರು, ಅದು ಹಿಮನದಿ ಉಜ್ಜಿದ ಹೊಳಪು. ಹಿಮದ ತಳದಲ್ಲಿ ಸಿಕ್ಕಿಕೊಂಡ ಪುಡಿ ಬಂಡೆಯನ್ನು ಪಾಲಿಶ್ ಮಾಡಿತು, ಸಣ್ಣ ಕಲ್ಲುಗಳು ಗೀರು ಎಳೆದವು. ಹಿಮ ಕರಗಿ ಸುಮಾರು 15 ಸಾವಿರ ವರ್ಷವಾದರೂ ಆ ಹೊಳಪು ಹಾಗೇ ಇದೆ. ಗೀರಿನ ಜಾಡು ಹಿಡಿದು ನೋಡಿದರೆ ಹಿಮ ಯಾವ ಕಡೆ ಹೋಗಿದೆ ಅಂತಲೂ ತಿಳಿಯುತ್ತದೆ. ಅವತ್ತು ನನ್ನ ತಲೆಯ ಮೇಲೆ ನೂರಾರು ಮೀಟರ್ ಹಿಮ ಇದ್ದ ಜಾಗದಲ್ಲಿ ನಿಂತಿದ್ದೇನೆ ಅಂತ ಗೊತ್ತಾದಾಗ ಮೈ ಜುಮ್ ಅಂದಿತು. ಸೂರ್ಯಾಸ್ತದ ಖುಷಿ ಇದರಿಂದ ಏನೂ ಕಡಿಮೆಯಾಗಲಿಲ್ಲ.

ಚಾರಣಿಗ 21
ಅದು ಸರಿ. ಆ ಗೀರು ನಾನೂ ನೋಡಿದ್ದೇನೆ. ಯಾರೋ ಗೀಚಿದ್ದು ಅಂದುಕೊಂಡಿದ್ದೆ.

ಅಲೆಮಾರಿ
ಅಲ್ಲಿನ ಅರ್ಧ ಗುಮ್ಮಟದಂಥ ಬೆಟ್ಟ ಹಾಫ್ ಡೋಮ್‌ನ ಇನ್ನರ್ಧವನ್ನೂ ಹಿಮನದಿಯೇ ಕಿತ್ತುಕೊಂಡು ಹೋಗಿದ್ದು ಅಲ್ವಾ?

ಹಿಮಗೆರೆ
ಇಲ್ಲ, ಇದು ತುಂಬಾ ಜನ ನಂಬಿರುವ ಮಾತು. ಹಿಮ ಹಾಫ್ ಡೋಮ್‌ನ ತುದಿಯವರೆಗೆ ಏರಲೇ ಇಲ್ಲ. ಆ ಗ್ರಾನೈಟ್‌ನಲ್ಲಿ ಮೊದಲೇ ನೆಟ್ಟಗೆ ಬಿರುಕುಗಳಿದ್ದವು. ಹಿಮನದಿ ಬುಡ ಕೊರೆದಾಗ ಬಿರುಕಿನ ಗುಂಟ ಹಲಗೆ ಹಲಗೆಯಾಗಿ ಕಳಚಿತು. ಇನ್ನರ್ಧ ಗುಮ್ಮಟ ಅಂತ ಪೂರ್ತಿಯಾಗಿ ಒಂದು ಇರಲೇ ಇಲ್ಲ. ದುಂಡಗಿನ ಬೆನ್ನು ಆಗಿದ್ದು ಬೇರೆ ರೀತಿ. ಭೂಮಿಯ ಆಳದಲ್ಲಿ ತಣ್ಣಗಾದ ಗ್ರಾನೈಟ್ ಮೇಲೆ ಬಂದಾಗ ಅದರ ಮೇಲಿನ ಭಾರ ಹೋಗಿ ಹಿಗ್ಗುತ್ತದೆ. ಆಗ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ.

ಯೊಸೆಮಿಟಿ ಕಣಿವೆ ಹೇಗಾಯಿತು ಅನ್ನುವ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಜೋಸಯಾ ವಿಟ್ನಿ ಎಂಬ ಸರ್ಕಾರಿ ಭೂವಿಜ್ಞಾನಿ ಕಣಿವೆಯ ತಳವೇ ಕುಸಿದು ಹೀಗಾಯಿತು ಅಂದರು. ಜಾನ್ ಮ್ಯೂರ್ ಯಾವ ಪದವಿಯೂ ಇಲ್ಲದೆ ಬರೀ ನಡೆದು ನೋಡಿ ಹಿಮನದಿ ಅಂದರು. ಮ್ಯೂರ್ ಮಾತು ಬಹುಪಾಲು ಸರಿ ಅಂತಾಯಿತು. ಆದರೆ ನದಿಯ ಕೆಲಸ ಮತ್ತು ಬಿರುಕುಗಳ ಪಾತ್ರ ಎಷ್ಟು ದೊಡ್ಡದು ಅಂತ ವಿವರವಾಗಿ ತೋರಿಸಿದ್ದು ಭೂವಿಜ್ಞಾನಿ ಫ್ರಾಂಸ್ವಾ ಮ್ಯಾಥೆಸ್, 1930ರಲ್ಲಿ.

ಬೆಣಚುಕಲ್ಲು
ಮ್ಯೂರ್ ಉದಾಹರಣೆ ನನ್ನ ಕಡೆಗೇ ಇದೆ. ಮೊದಲು ನೋಡಿದರು, ಆಮೇಲೆ ಪದ ಬಂತು.

ಶಬ್ದಸಂಚಿ
ಮ್ಯೂರ್ ಎಷ್ಟು ಓದಿಕೊಂಡಿದ್ದರು ಅಂತಲೂ ನೋಡಿ ಸರ್. ಹಿಮನದಿ ಅನ್ನುವ ಕಲ್ಪನೆ ತಲೆಯಲ್ಲಿ ಇಲ್ಲದಿದ್ದರೆ ಗೀರು ಕಂಡರೂ ಗೀರಾಗಿಯೇ ಉಳಿಯುತ್ತಿತ್ತು. ಚಾರಣಿಗ ಅವರಿಗೆ ಆಗಿದ್ದೂ ಅದೇ.

ನಿಧಾನಿ
ಇಬ್ಬರೂ ಸರಿ. ಆದರೆ ಯಾರೂ ಕಾಲದ ಮಾತೇ ಎತ್ತಲಿಲ್ಲ! ನನಗೆ ಕಷ್ಟವಾಗಿದ್ದು ಹೆಸರಲ್ಲ, ಸೊನ್ನೆಗಳು. 5 ಕೋಟಿ ವರ್ಷ, 50 ಕೋಟಿ ವರ್ಷ, ಕೇಳಲು ಎರಡೂ ಒಂದೇ ಥರ.

ಅದನ್ನು ಬಿಡಿಸಿದ್ದು ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನ "ಟ್ರೇಲ್ ಆಫ್ ಟೈಮ್" ಎಂಬ ಕಾಲುದಾರಿ. ಯಾವಪಾಯ್ ಮ್ಯೂಸಿಯಂ ಹತ್ತಿರ ಶುರುವಾಗುತ್ತದೆ. ನೆಲದಲ್ಲಿ ಒಂದೊಂದು ಮೀಟರ್‌ಗೆ ಒಂದೊಂದು ಗುರುತು. ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ಆಯಾ ವಯಸ್ಸಿನ ಜಾಗದಲ್ಲಿ ಕಣಿವೆಯಿಂದ ತಂದ ನಿಜವಾದ ಬಂಡೆ ಇಟ್ಟಿದ್ದಾರೆ, ಮುಟ್ಟಬಹುದು.

ಲೆಕ್ಕ ನೋಡಿ. ನದಿ ಕಣಿವೆ ಕೊರೆಯಲು ತೆಗೆದುಕೊಂಡ 50-60 ಲಕ್ಷ ವರ್ಷ ಅಂದರೆ ಐದಾರು ಮೀಟರ್. ನಿಂತ ಜಾಗದಿಂದ ಮಾತಾಡಿಸುವಷ್ಟು ಹತ್ತಿರ. ನಿಮ್ಮ ಕಾಲ ಕೆಳಗಿರುವ ಕೈಬಾಬ್ ಸುಣ್ಣಕಲ್ಲು ಆದದ್ದು 270 ಮೀಟರ್ ಆಚೆ. ತಳದ ವಿಷ್ಣು ಶಿಸ್ಟ್ ಒಂದೂಮುಕ್ಕಾಲು ಕಿಲೋಮೀಟರ್ ಹತ್ತಿರ. ಮನುಷ್ಯರು ಅಕ್ಷರ ಬರೆಯಲು ಕಲಿತ ಮೇಲಿನ ಚರಿತ್ರೆಯೆಲ್ಲ ಅರ್ಧ ಸೆಂಟಿಮೀಟರ್. ನಾನು ಅದನ್ನು ಪೂರ್ತಿ ನಡೆದೆ. ಕಣಿವೆ ಹೊಸದು, ಕಲ್ಲು ಹಳೆಯದು ಅನ್ನುವುದು ಕಾಲಿಗೆ ತಿಳಿಯಿತು.

ಪಾರಿಜಾತ
ವಿಷ್ಣು ಶಿಸ್ಟ್? ಅಂದರೆ ನಮ್ಮ ವಿಷ್ಣುನಾ??

ನಿಧಾನಿ
ಹೌದು, ಅದೇ ವಿಷ್ಣು. 1880ರ ದಶಕದ ಆರಂಭದಲ್ಲಿ ಅಲ್ಲಿ ಸರ್ವೇ ಮಾಡಿದ ಕ್ಲಾರೆನ್ಸ್ ಡಟನ್ ಅವರಿಗೆ ಆ ಶಿಖರಗಳು ಪೂರ್ವ ದೇಶಗಳ ದೇವಸ್ಥಾನದ ಹಾಗೆ ಕಂಡವು. ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಅಂತೆಲ್ಲ ಶಿಖರಗಳಿವೆ. ವಿಷ್ಣುವಿನ ಹೆಸರು ಆಮೇಲೆ ತಳದ ಕಲ್ಲಿಗೂ ಬಂತು.

ಪಾರಿಜಾತ
ಹಾಗಾದರೆ ನಮ್ಮವರು ಬಹಳ ಹಿಂದೆಯೇ ಅಲ್ಲಿಗೆ ಹೋಗಿದ್ದರು ಅನ್ನುವ ಫಾರ್ವರ್ಡ್ ಸುಳ್ಳಾ?

ಶಬ್ದಸಂಚಿ
ಸುಳ್ಳು. ಹೆಸರಿಟ್ಟಿದ್ದು ಡಟನ್ ಮತ್ತು ಅವರ ನಂತರದವರು. ಅದಕ್ಕೂ ಮೊದಲು ಸಾವಿರಾರು ವರ್ಷದಿಂದ ಅಲ್ಲಿರುವುದು ಹವಸುಪಾಯ್, ಹೋಪಿ ಮೊದಲಾದ ಮೂಲನಿವಾಸಿ ಜನರ ಪೂರ್ವಿಕರು. ದಯವಿಟ್ಟು ಆ ಫಾರ್ವರ್ಡ್ ಮುಂದೆ ಕಳಿಸಬೇಡಿ.

ಬಿಸಿಬುಗ್ಗೆ
ಫಾರ್ವರ್ಡ್ ಅಂದಮೇಲೆ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಗ್ಗೆ ಹೇಳಲೇಬೇಕು. "ಸೂಪರ್ ಜ್ವಾಲಾಮುಖಿ ಸಿಡಿಯುವ ಟೈಮ್ ಮೀರಿದೆ" ಅಂತ ಪ್ರತಿ ವರ್ಷ ಹರಿದಾಡುತ್ತದೆ. ದೊಡ್ಡ ಸ್ಫೋಟ ಆಗಿದ್ದು ಮೂರು ಸಲ. ಸುಮಾರು 21 ಲಕ್ಷ, 13 ಲಕ್ಷ, 6.4 ಲಕ್ಷ ವರ್ಷಗಳ ಹಿಂದೆ. ನಡುವಿನ ಅಂತರ ಲೆಕ್ಕ ಹಾಕಿ: ಒಂದು ಎಂಟು ಲಕ್ಷದ ಹತ್ತಿರ, ಇನ್ನೊಂದು ಆರೂವರೆ ಲಕ್ಷ. ಸರಾಸರಿ ಏಳು ಲಕ್ಷ ದಾಟುತ್ತದೆ. ಕಳೆದಿರುವುದು 6.4 ಲಕ್ಷ. ಅವರದೇ ಲೆಕ್ಕದಲ್ಲೂ ಟೈಮ್ ಮೀರಿಲ್ಲ! ಅಲ್ಲದೆ ಜ್ವಾಲಾಮುಖಿ ಗಡಿಯಾರ ನೋಡಿಕೊಂಡು ಸಿಡಿಯುವುದಿಲ್ಲ. ಕರಗಿದ ಕಲ್ಲು ಸಾಕಷ್ಟು ಸೇರಬೇಕು, ಒತ್ತಡ ಬೇಕು. ಅಲ್ಲಿನ ಕೊನೆಯ ಲಾವಾ ಹರಿದಿದ್ದು 70 ಸಾವಿರ ವರ್ಷದ ಹಿಂದೆ, ಅದು ದೊಡ್ಡ ಸ್ಫೋಟವೂ ಅಲ್ಲ. ಯೆಲ್ಲೋಸ್ಟೋನ್ ಜ್ವಾಲಾಮುಖಿ ವೀಕ್ಷಣಾಲಯದವರು ಪ್ರತಿ ವಾರ ಒಂದು ಲೇಖನ ಬರೆಯುತ್ತಾರೆ. ಅದನ್ನು ಓದುವುದೇ ಒಳ್ಳೆಯ ಪಾಠ.

ಅಲೆಮಾರಿ
ಅಲ್ಲಿನ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆ ಮಾತ್ರ ಗಡಿಯಾರದ ಹಾಗೆ ಗಂಟೆಗೊಂದು ಸಲ ಚಿಮ್ಮುತ್ತದೆ, ಅದು ಹೇಗೆ?

ಬಿಸಿಬುಗ್ಗೆ
ಗಂಟೆಗೊಂದಲ್ಲ, ಈಗ ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ. ಅದೂ ಒಂದೇ ಸಮನಲ್ಲ. ಕೆಳಗೆ ಕಿರಿದಾದ ಕೊಳವೆಯಂಥ ಬಿರುಕು ಇದೆ. ತಳದ ನೀರು ಮೇಲಿನ ನೀರಿನ ಭಾರದಿಂದ 100 ಡಿಗ್ರಿ ದಾಟಿದರೂ ಕುದಿಯಲಾರದೆ ಇರುತ್ತದೆ, ಪ್ರೆಶರ್ ಕುಕ್ಕರ್ ಒಳಗಿನ ಹಾಗೆ. ಮೇಲಿನಿಂದ ಸ್ವಲ್ಪ ನೀರು ಉಕ್ಕಿ ಹೊರಗೆ ಹೋದರೆ ಭಾರ ಇಳಿಯುತ್ತದೆ. ತಕ್ಷಣ ತಳದ ನೀರು ಒಟ್ಟಿಗೆ ಆವಿಯಾಗಿ ಎಲ್ಲವನ್ನೂ ಮೇಲಕ್ಕೆ ತಳ್ಳುತ್ತದೆ.

ಹಿಂದಿನ ಸಲ ಎಷ್ಟು ಹೊತ್ತು ಚಿಮ್ಮಿತು ಅಂತ ರೇಂಜರ್‌ಗಳು ನೋಡುತ್ತಾರೆ. ಕಡಿಮೆ ಹೊತ್ತು ಚಿಮ್ಮಿದರೆ ಒಳಗೆ ಇನ್ನೂ ಬಿಸಿನೀರು ಉಳಿದಿರುತ್ತದೆ, ಮುಂದಿನದು ಬೇಗ ಬರುತ್ತದೆ. ಜಾಸ್ತಿ ಹೊತ್ತಾದರೆ ಕಾಯಬೇಕು. ಮಕ್ಕಳ ಕೈಗೆ ಒಂದು ವಾಚ್ ಕೊಟ್ಟರೆ ಅವರೇ ಲೆಕ್ಕ ಹಾಕುತ್ತಾರೆ.

ಮರಳುದಿಬ್ಬ
ಮಾತು ಎಲ್ಲೆಲ್ಲೋ ಹೋಯಿತು. ಹಾದಿಹೋಕ ಅವರ ಮೂರು ಉದ್ಯಾನಗಳಿಗೆ ಬರೋಣ. ನಿಮಗೆ ಅದೃಷ್ಟ ಇದೆ, ಯಾಕೆಂದರೆ ಆ ಮೂರೂ ಒಂದೇ ಮೆಟ್ಟಿಲು ಸಾಲು. ಗ್ರ್ಯಾಂಡ್ ಕ್ಯಾನ್ಯನ್‌ನ ತುದಿಯಲ್ಲಿರುವ ಕೈಬಾಬ್ ಪದರ ಝಯಾನ್‌ನಲ್ಲಿ ತಳದಲ್ಲಿದೆ. ಝಯಾನ್‌ನ ಎತ್ತರದ ಗೋಡೆಯ ನವಾಹೋ ಮರಳುಗಲ್ಲು ಬ್ರೈಸ್‌ನಲ್ಲಿ ನೆಲದಡಿ ಆಳದಲ್ಲಿದೆ. ಅದೇ ಕ್ರಮದಲ್ಲಿ ಹೋಗಿ. ಕೆಳಗಿನಿಂದ ಮೇಲಕ್ಕೆ, ಹಳೆಯದರಿಂದ ಹೊಸದಕ್ಕೆ ಹತ್ತಿದ ಹಾಗಾಗುತ್ತದೆ.

ಒಂದೊಂದು ಕಡೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಕಲ್ಲು ಆಗುವಾಗ ಇಲ್ಲಿ ಏನಿತ್ತು? ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿ ಬಗ್ಗಿ ಕಾಲ ಕೆಳಗೆ ನೋಡಿ. ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರದಲ್ಲಿ ಚಿಪ್ಪು, ಸ್ಪಂಜುಗಳ ಗುರುತು ಸಿಗುತ್ತದೆ. ಅಂದರೆ ಸಮುದ್ರ. ಝಯಾನ್‌ನಲ್ಲಿ ಗೋಡೆಯ ಗೆರೆಗಳು ಓರೆಯಾಗಿ, ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಅದು ಗಾಳಿ ಪೇರಿಸಿದ ಮರಳಿನ ದಿಬ್ಬ. ಗೆರೆ ಇಳಿಯುವ ಕಡೆಗೇ ಅವತ್ತು ಗಾಳಿ ಬೀಸುತ್ತಿತ್ತು. 18 ಕೋಟಿ ವರ್ಷಕ್ಕೂ ಹಿಂದಿನ ಗಾಳಿಯ ದಿಕ್ಕನ್ನು ಬೆರಳಿಟ್ಟು ತೋರಿಸಬಹುದು! ಬ್ರೈಸ್‌ನಲ್ಲಿ ಸುಮಾರು 5 ಕೋಟಿ ವರ್ಷದ ಹಿಂದಿನ ಕೆರೆಗಳ ಕೆಸರು, ಸುಣ್ಣ. ಅದನ್ನು ಈಗ ಕಂಬ ಕಂಬವಾಗಿ ಕೆತ್ತುತ್ತಿರುವುದು ಹಿಮ. ಹಗಲು ಕರಗಿದ ನೀರು ಬಿರುಕಿಗಿಳಿಯುತ್ತದೆ, ರಾತ್ರಿ ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಕಲ್ಲು ಸೀಳುತ್ತದೆ. ವರ್ಷದ ಅರ್ಧದಷ್ಟು ದಿನ ಅಲ್ಲಿ ಇದೇ ಕೆಲಸ.

ಹಾದಿಹೋಕ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮಗಳಿಗೆ ಓದಿ ಹೇಳುತ್ತಿದ್ದೇನೆ. ಅವಳ ಹೊಸ ಪ್ರಶ್ನೆ: ಗ್ರ್ಯಾಂಡ್ ಕ್ಯಾನ್ಯನ್ ಯಾಕೆ ಕೆಂಪು? ಇನ್ನೊಂದು, ಕೆಳಗಿನ ಪದರವೇ ಯಾವಾಗಲೂ ಹಳೆಯದಾ?

ಗುಹೆವಾಸಿ
ಕೆಂಪು ಅಂದರೆ ತುಕ್ಕು. ಕಬ್ಬಿಣದ ಅಂಶ ಗಾಳಿ ತಾಗಿ ಕೆಂಪಾಗುತ್ತದೆ. ಮಜಾ ಏನೆಂದರೆ ನೂರೈವತ್ತು ಮೀಟರ್ ಆಸುಪಾಸಿನ ರೆಡ್‌ವಾಲ್ ಎಂಬ ಗೋಡೆ ನಿಜವಾಗಿ ಕೆಂಪೇ ಅಲ್ಲ. ಬೂದು ಬಣ್ಣದ ಸುಣ್ಣಕಲ್ಲು. ಮೇಲಿನ ಕೆಂಪು ಪದರಗಳಿಂದ ಮಳೆನೀರು ಬಣ್ಣ ಇಳಿಸಿಕೊಂಡು ಬಂದು ಬಳಿದಿದೆ. ಹೊಸದಾಗಿ ಹೋಳು ಕಳಚಿದ ಜಾಗ ಹುಡುಕಲು ಹೇಳಿ, ಬೂದು ಕಲೆ ಕಾಣುತ್ತದೆ.

ಬೆಣಚುಕಲ್ಲು
ಎರಡನೇ ಪ್ರಶ್ನೆಗೆ: ಪದರಗಳು ಅಲುಗಾಡದೆ ಇದ್ದರೆ ಮಾತ್ರ ಕೆಳಗಿನದು ಹಳೆಯದು. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ತಲೆಕೆಳಗು. ಅಲ್ಲಿ 140 ಕೋಟಿ ವರ್ಷಕ್ಕೂ ಹಳೆಯ ಕಲ್ಲು ಸುಮಾರು 10 ಕೋಟಿ ವರ್ಷದ ಕಲ್ಲಿನ ಮೇಲೆ ಕೂತಿದೆ. ಭೂಮಿಯ ಚಿಪ್ಪು ಎರಡೂ ಕಡೆಯಿಂದ ಒತ್ತಿದಾಗ ಹಳೆಯ ಪದರಗಳ ದೊಡ್ಡ ಹಾಳೆಯೇ ಸೀಳಿ, ಹತ್ತಾರು ಕಿಲೋಮೀಟರ್ ಜಾರಿ ಹೊಸದರ ಮೇಲೆ ಏರಿತು. ಆ ಹಳೆಯ ಕಲ್ಲಿನಲ್ಲಿ ಅಲೆಗಳ ಗುರುತು, ಒಣಗಿ ಬಿರಿದ ಕೆಸರಿನ ಗುರುತು ನಿನ್ನೆ ಆದ ಹಾಗಿವೆ.

ಕಾಡುಹಾದಿ
ನಾನು ಬರೀ ಪ್ರಾಣಿ ನೋಡಲು ಹೋಗುವವಳು. ಕಲ್ಲಿಗೂ ಪ್ರಾಣಿಗೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಆಫ್ರಿಕಾದ ಸೆರೆಂಗೆಟಿಯಲ್ಲಿ. ದಕ್ಷಿಣದ ಬಯಲಿನಲ್ಲಿ ಮರವೇ ಇಲ್ಲ, ಗಿಡ್ಡ ಹುಲ್ಲು ಮಾತ್ರ. ಪಕ್ಕದ ಜ್ವಾಲಾಮುಖಿಗಳಿಂದ ಬಂದ ಬೂದಿ ನೆಲದಡಿ ಗಾರೆಯ ಹಾಗೆ ಗಟ್ಟಿಯಾಗಿದೆ. ಮರದ ಬೇರು ಇಳಿಯುವುದಿಲ್ಲ. ಆದರೆ ಅದೇ ಬೂದಿಯಿಂದ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಜಾಸ್ತಿ. ಹಾಲೂಡಿಸುವ ತಾಯಿಗೆ ಅದು ಬೇಕು. ಅದಕ್ಕೇ ಲಕ್ಷಗಟ್ಟಲೆ ವಿಲ್ಡೆಬೀಸ್ಟ್ ಎಂಬ ಹುಲ್ಲೆಗಳು ಮರಿ ಹಾಕಲು ಅಲ್ಲಿಗೇ ಬರುತ್ತವೆ. ಹತ್ತು ವರ್ಷ ಪ್ರಾಣಿ ನೋಡಿದವಳಿಗೆ ನೆಲ ನೋಡಬೇಕು ಅಂತ ಯಾರೂ ಹೇಳಿರಲಿಲ್ಲ. ಬೇಸರವಾಯಿತು.

ಅಲೆಮಾರಿ
ನೆನಪಿಗೆ ಒಂದು ಸಣ್ಣ ಕಲ್ಲು ತರಬಹುದಾ?

ಬೆಣಚುಕಲ್ಲು
ತರಬೇಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಅಪರಾಧ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್‌ನಿಂದ ಕಲ್ಲಾದ ಮರದ ಚೂರು ಒಯ್ದವರು ಎಷ್ಟೋ ಜನ ಪಶ್ಚಾತ್ತಾಪದಿಂದ ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಾರೆ. ಆದರೆ ಅದನ್ನು ಮೊದಲಿನ ಜಾಗಕ್ಕೆ ಇಡಲು ಆಗುವುದಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಚೂರು ವಿಜ್ಞಾನಕ್ಕೆ ಏನೂ ಹೇಳುವುದಿಲ್ಲ. ಹಾಗೆ ಬಂದದ್ದನ್ನೆಲ್ಲ ಒಂದು ಕಡೆ ರಾಶಿ ಹಾಕಿದ್ದಾರೆ. ಆಸ್ಟ್ರೇಲಿಯಾದ ಉಲುರು ಎಂಬ ದೊಡ್ಡ ಬಂಡೆಬೆಟ್ಟಕ್ಕೂ ಹೀಗೇ ಕಲ್ಲುಗಳು ಕ್ಷಮೆ ಪತ್ರದ ಜೊತೆ ಮರಳಿ ಬರುತ್ತವೆ. ಚಿತ್ರ ಬರೆದುಕೊಳ್ಳಿ. ಹತ್ತು ನಿಮಿಷ ಕೂತು ಪೆನ್ಸಿಲ್‌ನಲ್ಲಿ ಗೋಡೆಯ ಗೆರೆಗಳನ್ನು ಬರೆದರೆ ನೂರು ಫೋಟೋದಲ್ಲಿ ಕಾಣದ್ದು ಕಾಣುತ್ತದೆ.

ಶಬ್ದಸಂಚಿ
ಇದಕ್ಕೆ ಪೂರ್ತಿ ಒಪ್ಪಿಗೆ. ಓದಲು ಬೇಕಾದರೆ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಒಂದೊಂದು ಉದ್ಯಾನಕ್ಕೂ ಭೂವಿಜ್ಞಾನದ ವರದಿ ಮಾಡುತ್ತಿದೆ, ಉಚಿತವಾಗಿ ಸಿಗುತ್ತದೆ. ಫೋನ್‌ನಲ್ಲಿ "ರಾಕ್ಡ್" ಎಂಬ ಆ್ಯಪ್ ಹಾಕಿಕೊಳ್ಳಿ, ನಿಂತ ಜಾಗದ ಕಲ್ಲು ಯಾವುದು, ವಯಸ್ಸೆಷ್ಟು ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಇರಲಿ.

ಗ್ರ್ಯಾಂಡ್ ಕ್ಯಾನ್ಯನ್‌ನ ಹೆಸರುಗಳ ಬಗ್ಗೆ ನನ್ನ ಹಟ ಸ್ವಲ್ಪ ಸಡಿಲಿಸುತ್ತೇನೆ. ಟೆಪೀಟ್ಸ್, ಬ್ರೈಟ್ ಏಂಜೆಲ್, ಮುವಾವ್ ಅಂತ ಉರು ಹೊಡೆಯುವ ಬದಲು "ಮರಳು, ಕೆಸರು, ಸುಣ್ಣ" ಅಂತ ನೆನಪಿಡಿ. ದಡದಲ್ಲಿ ಮರಳು, ಸ್ವಲ್ಪ ಒಳಗೆ ಕೆಸರು, ಇನ್ನೂ ದೂರದ ತಿಳಿನೀರಿನಲ್ಲಿ ಸುಣ್ಣ. ಒಂದರ ಮೇಲೊಂದು ಈ ಮೂರು ಬಂದಿದ್ದರೆ ಸಮುದ್ರ ನೆಲದ ಮೇಲೆ ಏರಿ ಬಂತು ಅಂತ ಅರ್ಥ.

ಹಾದಿಹೋಕ
"ಮರಳು, ಕೆಸರು, ಸುಣ್ಣ" ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ! ಹೊರಡುವ ಮೊದಲು ಕೊನೆಯದಾಗಿ ಒಂದು. ತಳದ ವಿಷ್ಣು ಶಿಸ್ಟ್‌ಗೆ 170 ಕೋಟಿ, ಅದರ ಮೇಲೆ ಕೂತಿರುವ ಮರಳುಗಲ್ಲಿಗೆ 50 ಕೋಟಿ ಅಂತ ಓದಿದೆವು. ನಡುವಿನ 120 ಕೋಟಿ ವರ್ಷದ ಕಲ್ಲು ಎಲ್ಲಿ ಹೋಯಿತು ಅಂತ ಕೇಳುತ್ತಿದ್ದಾಳೆ.

ಬೆಣಚುಕಲ್ಲು
ಆ ಖಾಲಿ ಅಂತರಕ್ಕೆ "ಗ್ರೇಟ್ ಅನ್‌ಕನ್ಫಾರ್ಮಿಟಿ" ಅನ್ನುತ್ತಾರೆ, ಕನ್ನಡದಲ್ಲಿ ಮಹಾ ವಿಚ್ಛೇದ ಅನ್ನಬಹುದು. 1869ರಲ್ಲಿ ದೋಣಿಯಲ್ಲಿ ಆ ಕಣಿವೆ ಇಳಿದ ಜಾನ್ ವೆಸ್ಲಿ ಪೊವೆಲ್ ಇದನ್ನು ಗುರುತಿಸಿದ್ದರು. ಆ ಕಲ್ಲು ಬೆಟ್ಟವಾಗಿ ಎದ್ದು, ಸವೆದು, ಮರಳಾಗಿ ಬೇರೆ ಕಡೆ ಹೋಯಿತು. ಯಾವಾಗ, ಯಾಕೆ ಅಷ್ಟೊಂದು ಸವೆಯಿತು ಅಂತ ಇವತ್ತಿಗೂ ವಾದ ಇದೆ. ಭೂಮಿಯೆಲ್ಲ ಹಿಮ ಮುಚ್ಚಿದ್ದ ಕಾಲದಲ್ಲಿ ಹಿಮನದಿಗಳು ಕೆರೆದವು ಅಂತ ಕೆಲವರು, ಅದಕ್ಕಿಂತ ಮೊದಲೇ ಹಳೆಯ ಖಂಡ ಒಡೆಯುವಾಗ ಆಯಿತು ಅಂತ ಕೆಲವರು.

ಆದರೆ ಎಲ್ಲವೂ ಹೋಗಿಲ್ಲ. ಅಂಚಿನ ಪೂರ್ವದಲ್ಲಿ ಲೈಪನ್ ಪಾಯಿಂಟ್ ಅಂತ ಒಂದು ಜಾಗ ಇದೆ. ಅಲ್ಲಿಂದ ನದಿಯ ಕಡೆ ಕೆಳಗೆ ನೋಡಿದರೆ ಮೇಲಿನ ಪದರಗಳೆಲ್ಲ ಅಡ್ಡಡ್ಡ ಮಲಗಿವೆ, ತಳದಲ್ಲಿ ಮಾತ್ರ ಕೆಲವು ಕೆಂಪು ಪದರ ಓರೆಯಾಗಿ ವಾಲಿವೆ. ಅವೇ ಆ 120 ಕೋಟಿಯ ನಡುವಿನ ಕಾಲದವು. ನೆಲ ಬಿರಿದು ಕೆಳಗೆ ಜಾರಿದ್ದರಿಂದ ಸವೆತದಿಂದ ತಪ್ಪಿಸಿಕೊಂಡವು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಹೋಗಿ, ಬೈನಾಕ್ಯುಲರ್ ಅವಳ ಕೈಗೇ ಕೊಡಿ. ಎಲ್ಲಿದೆ ಅಂತ ಮೊದಲು ತೋರಿಸಬೇಡಿ.